ತುಂಗಭದ್ರೆಯ ಎರಡು ದಡಗಳು ಮತ್ತು ದಂಡನ್ಯಾಯದ ದಾರಿ

ಹರಿಹರದಲ್ಲಿ ತುಂಗಭದ್ರೆಯನ್ನು ದಾಟುವವನು ಇಂದು ದಾವಣಗೆರೆ ಜಿಲ್ಲೆಯಿಂದ ಹಾವೇರಿ ಜಿಲ್ಲೆಗೆ ಹೋಗುತ್ತಾನೆ, ಅಷ್ಟೆ; 1956ರ ನವೆಂಬರ್ 1ಕ್ಕೆ ಮುನ್ನ ದಾಟಿದವನು ಮೈಸೂರು ರಾಜ್ಯವನ್ನು ಬಿಟ್ಟು ಮುಂಬಯಿ ರಾಜ್ಯವನ್ನು ಸೇರುತ್ತಿದ್ದನು; 1947ಕ್ಕೆ ಮುನ್ನ ದಾಟಿದವನಾದರೋ ಮಹಾರಾಜರ ಆಳ್ವಿಕೆಯಿಂದ ಹೊರಬಿದ್ದು ಬ್ರಿಟಿಷ್ ಚಕ್ರಾಧಿಪತ್ಯದ ನೇರ ಆಡಳಿತಕ್ಕೆ ಒಳಪಡುತ್ತಿದ್ದನು. ದಾವಣಗೆರೆಯ ಹತ್ತಿಯ ವರ್ತಕನಿಗೆ, ರಾಣೆಬೆನ್ನೂರಿನ ಸಂತೆಗೆ ಎತ್ತು ಹೊಡೆದುಕೊಂಡು ಹೋಗುವ ಒಕ್ಕಲಿಗನಿಗೆ, ಎರಡು ದಡಗಳಲ್ಲಿಯೂ ಬೀಗತನ ಬೆಳೆಸಿದ ಮನೆತನಗಳಿಗೆ ಈ ಎಲ್ಲೆ ನಿತ್ಯದ ಬಾಳಿನಲ್ಲಿ ಅಷ್ಟಾಗಿ ಅಡ್ಡಬಂದಂತೆ ಕಾಣುವುದಿಲ್ಲ. ಅದು ತನ್ನ ನಿಜಸ್ವರೂಪವನ್ನು ತೋರುತ್ತಿದ್ದುದು ಒಂದು ಕೊಲೆಯೋ ದರೋಡೆಯೋ ಸಂಭವಿಸಿದಾಗ. ಶವವು ನದಿಯ ಯಾವ ದಡದಲ್ಲಿ ಬಿದ್ದಿದೆಯೆಂಬುದರ ಮೇಲೆ ಯಾವ ಠಾಣೆ, ಯಾವ ನ್ಯಾಯಾಧೀಶ, ಯಾವ ಮೇಲಿನ ನ್ಯಾಯಸ್ಥಾನ, ಕಡೆಗೆ ಯಾರ ದಯೆ ಎಂಬುದೆಲ್ಲವೂ ನಿಶ್ಚಿತವಾಗುತ್ತಿತ್ತು. ದಾವಣಗೆರೆಗೆ ಈ ವಿಷಯದಲ್ಲಿ ಇನ್ನೊಂದು ನೆರೆಯೂ ಇದ್ದಿತು: ಈಶಾನ್ಯಕ್ಕೆ ಸೇರಿಕೊಂಡಿರುವ ಹರಪನಹಳ್ಳಿಯ ಸೀಮೆಯು ಬಳ್ಳಾರಿ ಜಿಲ್ಲೆಯ ಭಾಗವಾಗಿ 1953ರವರೆಗೆ ಮದರಾಸಿನ ಅಧೀನದಲ್ಲಿದ್ದುದರಿಂದ, ಈ ಪೇಟೆಯಿಂದ ಹೊರಟವನು ಒಂದೇ ದಿನದ ಪಯಣದಲ್ಲಿ ಮೂರು ಹೈಕೋರ್ಟುಗಳ ನೆಲವನ್ನು ತುಳಿಯಬಹುದಾಗಿತ್ತು.

ಘೋರಾಪರಾಧವೊಂದರ ಮೊಕದ್ದಮೆಯು ಕೆಳಗಿನ ನ್ಯಾಯಸ್ಥಾನದಿಂದ ಮೇಲಿನದಕ್ಕೆ ಹೇಗೆ ಏರುತ್ತದೆ, ಏಕೆ ಏರಬೇಕು ಎಂಬ ಪ್ರಶ್ನೆಗೆ ನಮ್ಮ ವಕೀಲರಲ್ಲಿ ಅನೇಕರು ಇಂಗ್ಲಿಷರಿಂದಲೇ ಆರಂಭಿಸಿ ಉತ್ತರ ಹೇಳುವ ರೂಢಿಯುಂಟು. ಈ ರೂಢಿ ಅರ್ಧಸತ್ಯವಾದುದು. ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ಬಾಳಿದುದು ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ. ಅದೇ ಚಕ್ರವರ್ತಿಯ ಮಾಂಡಲಿಕರಾಗಿ ಉಚ್ಚಂಗಿಯ ಪಾಂಡ್ಯರು ಇಂದಿನ ದಾವಣಗೆರೆಯನ್ನೊಳಗೊಂಡ ನೊಳಂಬವಾಡಿಯನ್ನು ಆಳುತ್ತಿದ್ದರು. ಆ ಗ್ರಂಥದ ವ್ಯವಹಾರಾಧ್ಯಾಯದಲ್ಲಿ ಕುಲ, ಶ್ರೇಣಿ (ಕಸುಬಿನವರ ಸಂಘ), ಪೂಗ (ಊರಿನವರ ಸಭೆ) ಮತ್ತು ರಾಜನಿಯುಕ್ತರಾದ ಅಧಿಕಾರಿಗಳು ಎಂಬ ನಾಲ್ಕು ಬಗೆಯ ನ್ಯಾಯಸ್ಥಾನಗಳು ಉಕ್ತವಾಗಿವೆ. ಇವುಗಳಲ್ಲಿ ಒಂದಕ್ಕಿಂತ ಒಂದು ಹಿರಿದು, ಬಂಧುವರ್ಗದವರು ಕೊಟ್ಟ ತೀರ್ಪಿನಿಂದ ಅತೃಪ್ತನಾದವನು ಶ್ರೇಣಿಗೆ, ಅಲ್ಲಿಂದ ಪೂಗಕ್ಕೆ, ಅಲ್ಲಿಂದ ರಾಜಪುರುಷರಲ್ಲಿಗೆ ಹೋಗಬಹುದು. ವಿಚಾರಣೆಗೂ ಭಾಷೆ, ಉತ್ತರ, ಕ್ರಿಯೆ, ಸಾಧ್ಯಸಿದ್ಧಿ ಎಂಬ ನಾಲ್ಕು ಪಾದಗಳು: ವಾದಿಯು ದೂರನ್ನು ಬರೆಯಿಸಬೇಕು, ಪ್ರತಿವಾದಿಯು ಉತ್ತರ ಕೊಡಬೇಕು, ಲೇಖ್ಯದಿಂದಲೋ ಸಾಕ್ಷಿಗಳಿಂದಲೋ ಪ್ರಮಾಣ ನಡೆಯಬೇಕು, ತರುವಾಯ ನಿರ್ಣಯ. ಗೆದ್ದವನಿಗೆ ಜಯಪತ್ರ.

ಮಾನುಷಪ್ರಮಾಣಗಳು ದೊರೆಯದಿದ್ದಲ್ಲಿ ತುಲೆ, ಅಗ್ನಿ, ಜಲ, ವಿಷ, ಕೋಶ ಎಂಬ ಐದು ದಿವ್ಯಗಳು ವಿಧಿಸಲ್ಪಟ್ಟಿದ್ದವು. ಕಾಯಿಸಿದ ನೇಗಿಲಿನ ಗುಳವನ್ನು ಹಿಡಿಯುವ ಫಾಳದಿವ್ಯವನ್ನು ಕನ್ನಡನಾಡಿನ ಶಾಸನಗಳೂ ಬಲ್ಲವು. ಇಂದಿನ ಓದುಗನಿಗೆ ಇದು ಕ್ರೌರ್ಯವಾಗಿಯೇ ಕಾಣುವುದು ಸಹಜ. ಆದರೆ ಅದೇ ಸ್ಮೃತಿಯಲ್ಲಿ ಇನ್ನೊಂದು ವಿಧಿಯುಂಟು. ನನ್ನ ಮಟ್ಟಿಗೆ ದಿವ್ಯಗಳ ಪಟ್ಟಿಗಿಂತ ಅದು ಹೆಚ್ಚು ವಿಚಾರಾರ್ಹವಾದುದು: ತೀರ್ಪು ದುಷ್ಟವಾಗಿ ನಡೆದಿದೆಯೆಂದು ಕಂಡುಬಂದರೆ ರಾಜನು ವ್ಯವಹಾರವನ್ನು ಪುನಃ ಪರಿಶೀಲಿಸಿ, ಗೆದ್ದವನೊಡನೆ ತೀರ್ಪು ಕೊಟ್ಟ ಸಭ್ಯರಿಗೂ ವಿವಾದದ ಎರಡರಷ್ಟು ದಂಡವನ್ನು ವಿಧಿಸಬೇಕು. ಮೇಲ್ಮನವಿಯೆಂಬುದು ಆ ಕಾಲಕ್ಕೆ ಪ್ರತಿಪಕ್ಷಿಯ ಮೇಲಿನ ದೂರಷ್ಟೇ ಅಲ್ಲದೆ ನ್ಯಾಯಾಧೀಶನ ಮೇಲಿನ ದೂರೂ ಆಗಿತ್ತು. ನಮ್ಮ ಕಾಲದ ಕೆಳಗಿನ ನ್ಯಾಯಾಧೀಶನು ತನ್ನ ತೀರ್ಪು ಮೇಲೆ ಬಿದ್ದುಹೋದಾಗ ಒಂದೆರಡು ಕಟು ವಾಕ್ಯಗಳನ್ನು ಓದಿಕೊಂಡು ಸುಮ್ಮನಿರಬಹುದು. ವಿಜ್ಞಾನೇಶ್ವರನ ಕಾಲದ ಸಭ್ಯನಿಗೆ ಆ ಸೌಕರ್ಯವಿರಲಿಲ್ಲ.

ಇನ್ನು ನದಿಯ ದಡಕ್ಕೆ ಮರಳೋಣ. ಕೂಡಲೂರೆಂದು ಹಿಂದೆ ಪ್ರಸಿದ್ಧವಾಗಿದ್ದ, ಹರಿದ್ರಾ ತುಂಗಭದ್ರೆಗಳ ಸಂಗಮದ ಹರಿಹರದಲ್ಲಿ ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವನು 1224ರಲ್ಲಿ ಹರಿಹರೇಶ್ವರ ದೇವಾಲಯವನ್ನು ಕಟ್ಟಿಸಿದನು. ಅಲ್ಲಿಂದ ಮುಂದಿನ ಐದು ಶತಮಾನಗಳ ರಾಜಕೀಯವನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. 1779ರಲ್ಲಿ ಹೈದರಾಲಿಯು ಚಿತ್ರದುರ್ಗವನ್ನು ಗೆದ್ದನು; ದಾವಣಗೆರೆಯೆಂಬ ಸಣ್ಣ ಹಳ್ಳಿಯನ್ನು ಆತನು ಆಪೋಜಿರಾಮನೆಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಡಲು, ಆ ಸರದಾರನು ವರ್ತಕರನ್ನು ಕರೆಸಿ ನೆಲೆಗೊಳಿಸಿದುದರಿಂದ ಪೇಟೆಯು ಬೆಳೆಯಿತು. 1799ರ ತರುವಾಯ ದಕ್ಷಿಣದ ದಡ ಮೈಸೂರಿನ ಒಡೆಯರದಾಯಿತು. ಉತ್ತರದ ದಡವು ಪೇಶ್ವೆಯ ಪತನದೊಡನೆ, 1818ರಲ್ಲಿ, ಕಂಪನಿಯ ಕೈಸೇರಿ ಧಾರವಾಡ ಜಿಲ್ಲೆಯ ಹೆಸರಿನಲ್ಲಿ ಮುಂಬಯಿ ಪ್ರಾಂತಕ್ಕೆ ಸಂದಿತು. ಆಗಿನಿಂದ ನದಿಯು ನ್ಯಾಯದ ಎಲ್ಲೆಯಾಯಿತು.

1831ರಲ್ಲಿ ಮೈಸೂರಿನ ಆಡಳಿತವನ್ನು ಬ್ರಿಟಿಷರು ತಮ್ಮ ಕೈಗೆ ತೆಗೆದುಕೊಂಡ ಮೇಲೆ ಸಂಸ್ಥಾನವನ್ನು ಬೆಂಗಳೂರು, ಚಿತ್ರದುರ್ಗ, ಅಷ್ಟಗ್ರಾಮ, ನಗರ ಎಂಬ ನಾಲ್ಕು ವಿಭಾಗಗಳನ್ನಾಗಿ ಮಾಡಿ ಒಂದೊಂದಕ್ಕೂ ಒಬ್ಬ ಯೂರೋಪಿಯನ್ ಸೂಪರಿಂಟೆಂಡೆಂಟನನ್ನು ನೇಮಿಸಿದರು. 1834ರಲ್ಲಿ ಬೆಂಗಳೂರಿನಲ್ಲಿ ದೇಶೀಯ ನ್ಯಾಯಾಧೀಶರ ಹುಜೂರ್ ಅದಾಲತ್ತು ಸ್ಥಾಪಿತವಾಯಿತು. 1856ರಲ್ಲಿ ಅದು ಹೋಗಿ ಜುಡಿಷಿಯಲ್ ಕಮಿಷನರನೆಂಬ ಒಬ್ಬನೇ ಅಧಿಕಾರಿ ಬಂದನು. ಅನೇಕರು ಕೂಡಿ ಮಾಡುತ್ತಿದ್ದ ಕೆಲಸವನ್ನು ಒಬ್ಬನ ಕೈಗೊಪ್ಪಿಸಿದ ಈ ಏರ್ಪಾಡನ್ನು ಸುಧಾರಣೆಯೆಂದು ಕರೆದವರಿದ್ದರು; ನನಗೆ ಅದರಲ್ಲಿ ಕಡತ ವಿಲೇವಾರಿಯ ಶೀಘ್ರತೆಯೊಂದನ್ನು ಬಿಟ್ಟರೆ ಬೇರೆ ಗುಣ ಕಾಣದು. 1881ರ ಮಾರ್ಚ್ 25ರಂದು ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಮರಳಿ ಬಂದಿತು. 1884ರಲ್ಲಿ ಮೂವರು ನ್ಯಾಯಾಧೀಶರ ಚೀಫ್ ಕೋರ್ಟು ಏರ್ಪಟ್ಟಿತು. 1930ರಲ್ಲಿ ಅದೇ ನ್ಯಾಯಸ್ಥಾನಕ್ಕೆ ಹೈಕೋರ್ಟೆಂಬ ಹೆಸರು ಬಂದಿತು. ಹೈಕೋರ್ಟಿನ ನೆಲೆಯಾದ ಬೆಂಗಳೂರಿನ ಅಠಾರಾ ಕಚೇರಿಯ ಕೆಂಪು ಕಂಬಗಳನ್ನು ಕಂಡವರಿಗೆ ಈ ಇತಿಹಾಸದ ಕೊನೆಯ ಭಾಗವು ಕಣ್ಣಿಗೇ ಪರಿಚಿತವಾದುದು.

ಎರಡು ದಡಗಳಲ್ಲಿ ಮೊಕದ್ದಮೆಯು ಹೇಗೆ ಹುಟ್ಟುತ್ತಿತ್ತೆಂಬುದನ್ನು ನೋಡೋಣ. ಹರಿಹರದ ಕಡೆಯ ಹಳ್ಳಿಯಲ್ಲಿ ಒಂದು ಕೊಲೆಯಾದರೆ ತಳವಾರನು ಪಟೇಲನಿಗೆ ತಿಳಿಸುವನು, ಶಾನುಭೋಗನು ವರದಿಯನ್ನು ಬರೆಯುವನು, ಅದು ಅಮಲ್ದಾರನ ಕಚೇರಿಗೂ ಠಾಣೆಗೂ ಮುಟ್ಟುವುದು, ದಫೇದಾರನೋ ಇನ್‌ಸ್ಪೆಕ್ಟರನೋ ಬಂದು ಮಹಜರು ನಡೆಸುವನು. ರಾಣೆಬೆನ್ನೂರಿನ ಕಡೆಯಲ್ಲಿ ಇದೇ ಘಟನೆಗೆ ವಾಲೀಕಾರನು ಗೌಡನಿಗೆ ತಿಳಿಸುವನು, ಕುಲಕರ್ಣಿ ಬರೆಯುವನು, ಮಾಮಲೇದಾರನಿಗೂ ಫೌಜದಾರನಿಗೂ ಸುದ್ದಿ ಹೋಗುವುದು, ಅಲ್ಲಿ ನಡೆಯುವುದು ಪಂಚನಾಮೆ. ಅಲ್ಲಿಂದ ಮುಂದೆ ದಾರಿಗಳೂ ಅಗಲುತ್ತಿದ್ದವು. ಉತ್ತರದ ಆರೋಪಿಯು ಧಾರವಾಡದ ಸೆಷನ್ಸ್ ನ್ಯಾಯಾಧೀಶನ ಮುಂದೆ ನಿಲ್ಲುವನು. ಮರಣದಂಡನೆಯಾದರೆ ಕಾಗದಗಳು 1862ರಲ್ಲಿ ಸ್ಥಾಪಿತವಾದ ಮುಂಬಯಿಯ ಹೈಕೋರ್ಟಿಗೆ ಹೋಗುವುವು. ಅದಕ್ಕೂ ಮೇಲೆ ಲಂಡನ್ನಿನ ಪ್ರಿವಿ ಕೌನ್ಸಿಲ್ ಇದ್ದಿತು. ದಕ್ಷಿಣದ ಆರೋಪಿಯ ಪಾಲಿಗೆ ಸಂಸ್ಥಾನದಲ್ಲಿ ಬಹುಕಾಲದವರೆಗೆ ಇದ್ದ ಸೆಷನ್ಸ್ ನ್ಯಾಯಾಲಯಗಳು ಬೆಂಗಳೂರು, ಮೈಸೂರು, ಶಿವಮೊಗ್ಗಗಳೆಂಬ ಮೂರೇ; ಅವುಗಳ ಮೇಲೆ ಚೀಫ್ ಕೋರ್ಟು; ಅಲ್ಲಿಗೆ ನ್ಯಾಯದ ಮೆಟ್ಟಿಲುಗಳು ಮುಗಿದುವು. ಮೈಸೂರು ಬ್ರಿಟಿಷ್ ನೆಲವಲ್ಲವಾದುದರಿಂದ ಅಲ್ಲಿಯ ತೀರ್ಪಿನ ಮೇಲೆ ಪ್ರಿವಿ ಕೌನ್ಸಿಲಿಗೆ ಹೋಗುವಂತಿರಲಿಲ್ಲ. ಮೇಲೆ ಉಳಿದುದು ಮಹಾರಾಜರ ದಯೆಯೊಂದೇ.

ಇದರಿಂದ ದಕ್ಷಿಣದವನಿಗೆ ಅನ್ಯಾಯವಾಯಿತೆಂದು ತಟ್ಟನೆ ತೀರ್ಮಾನಿಸಲಾಗದು. ಪ್ರಿವಿ ಕೌನ್ಸಿಲಿನ ಬಾಗಿಲು ಉತ್ತರದವನಿಗೆ ತೆರೆದಿದ್ದುದು ಹೆಸರಿಗೆ ಮಾತ್ರ. 1887ರ ಡಿಲೆಟ್ ಪ್ರಕರಣದಿಂದ ಮೊದಲ್ಗೊಂಡು ಆ ನ್ಯಾಯಪೀಠವು ತಾನು ದಂಡನ್ಯಾಯದ ಸಾಮಾನ್ಯ ಮೇಲ್ಮನವಿಯ ಸ್ಥಾನವಲ್ಲವೆಂದೂ, ನ್ಯಾಯದ ಮೂಲತತ್ತ್ವಗಳಿಗೇ ಭಂಗವಾಗಿ ಘೋರವಾದ ಅನ್ಯಾಯ ಸಂಭವಿಸಿದ್ದಲ್ಲಿ ಮಾತ್ರ ಕೈಹಾಕುವೆನೆಂದೂ ಹೇಳುತ್ತ ಬಂದಿತು. ಸಮುದ್ರದಾಚೆ ಬ್ಯಾರಿಸ್ಟರನನ್ನು ಗೊತ್ತುಮಾಡುವಷ್ಟು ಹಣವಾಗಲಿ ಪರಿಚಯವಾಗಲಿ ರಾಣೆಬೆನ್ನೂರಿನ ಎಷ್ಟು ಜನ ರೈತರಿಗಿದ್ದೀತು? ನೇಣಿನ ನೆರಳಿನಲ್ಲಿದ್ದ ಬಡವನಿಗೆ ಎರಡು ದಡಗಳಲ್ಲಿಯೂ ವಾಸ್ತವವಾಗಿ ದೊರೆಯುತ್ತಿದ್ದುದು ಒಂದು ವಿಚಾರಣೆ, ಒಂದು ಮರುಪರಿಶೀಲನೆ. ಮರಣದಂಡನೆಯನ್ನು ಮೇಲಿನ ನ್ಯಾಯಸ್ಥಾನವು ದೃಢೀಕರಿಸುವ ತನಕ ಜಾರಿಮಾಡಕೂಡದೆಂಬ ನಿಯಮವಾದರೋ ಎರಡು ಕಡೆಗಳಲ್ಲಿಯೂ ಸಮಾನವಾಗಿತ್ತು. ಬ್ರಿಟಿಷ್ ಇಂಡಿಯಾದ 1861ರ ದಂಡಪ್ರಕ್ರಿಯಾ ಸಂಹಿತೆಯಿಂದ ಇಂದಿನ ಕಾನೂನಿನವರೆಗೆ ಒಮ್ಮೆಯೂ ಲೋಪವಾಗದೆ ಉಳಿದು ಬಂದಿರುವ ವಿಧಿ ಇದು.

1868ರಲ್ಲಿ ಹರಿಹರದ ದೊಡ್ಡ ಸೇತುವೆ ಪೂರ್ಣಗೊಂಡಿತು. ಮಳೆಗಾಲದಲ್ಲಿ ಹರಿಗೋಲನ್ನು ಕಾಯಬೇಕಾಗಿದ್ದವರು ಧಾರವಾಡದ ರಾಜಮಾರ್ಗದಲ್ಲಿ ನಿಶ್ಚಿಂತೆಯಿಂದ ಸಾಗುವಂತಾಯಿತು. ಅವರಲ್ಲಿ ಪೋಲೀಸರಿಂದ ತಪ್ಪಿಸಿಕೊಳ್ಳುವವರೂ ಇದ್ದರೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ದಕ್ಷಿಣದ ದಡದಲ್ಲಿ ತಪ್ಪು ಮಾಡಿ ಉತ್ತರದ ದಡಕ್ಕೆ ಓಡಿದವನನ್ನು ಹರಿಹರದ ದಫೇದಾರನು ಬೆನ್ನಟ್ಟಿ ಹೋಗಿ ಕೈಗೆ ಬೇಡಿ ತೊಡಿಸಿ ಕರೆತರುವಂತಿರಲಿಲ್ಲ. 1903ರ ದೇಶಾಂತರ ಅಪರಾಧಿಗಳನ್ನು ಒಪ್ಪಿಸುವ ಕಾನೂನಿನ ಪ್ರಕಾರ, ಸಂಸ್ಥಾನದಲ್ಲಿರುವ ಬ್ರಿಟಿಷ್ ಪ್ರತಿನಿಧಿಯು, ಮೈಸೂರಿನ ಮಟ್ಟಿಗೆ ಬೆಂಗಳೂರಿನ ರೆಸಿಡೆಂಟನು, ಬ್ರಿಟಿಷ್ ಜಿಲ್ಲೆಯ ಮ್ಯಾಜಿಸ್ಟ್ರೇಟನಿಗೆ ವಾರಂಟನ್ನು ಕಳುಹಿಸಬೇಕು, ಆತನು ಹಿಡಿಯಿಸಿ ಒಪ್ಪಿಸಬೇಕು. ಕಣ್ಣಿಗೆ ಕಾಣುವ ದೂರದಲ್ಲಿ, ನದಿಯ ಆಚೆ ನೆಂಟರ ಮನೆಯ ಜಗುಲಿಯ ಮೇಲೆ ಕುಳಿತವನನ್ನು ಹಿಡಿಯಲು ಬೆಂಗಳೂರನ್ನು ಸುತ್ತಿ ಬರಬೇಕಾಗಿದ್ದ ಈ ವಿಧಾನದಲ್ಲಿ ಹಾಸ್ಯದ ಅಂಶವಿಲ್ಲದಿಲ್ಲ.

ರೈಲು ಬಂದ ಮೇಲೆ ತೊಡಕು ಇಮ್ಮಡಿಸಿತು. 1881ರಲ್ಲಿ ರಾಜ್ಯವನ್ನು ಮರಳಿ ಒಪ್ಪಿಸುವಾಗಿನ ಕರಾರಿನಲ್ಲಿ, ರೈಲ್ವೆಗೆ ಬೇಕಾದ ಭೂಮಿಯನ್ನು ಮಹಾರಾಜರು ಬೆಲೆಯಿಲ್ಲದೆ ಕೊಡುವುದಲ್ಲದೆ, ಆ ಭೂಮಿಯ ಮೇಲಿನ ಪೂರ್ಣ ನ್ಯಾಯಾಧಿಕಾರವನ್ನೂ ಗವರ್ನರ್ ಜನರಲನಿಗೆ ಬಿಟ್ಟುಕೊಡಬೇಕೆಂಬ ಷರತ್ತು ಸೇರಿದ್ದಿತು. ಸಂಸ್ಥಾನದ ಒಡಲಿನಲ್ಲಿ ಕಂಬಿಯ ಅಗಲದಷ್ಟು ಪರಾಧಿಕಾರವು ಹರಿದುಹೋಗುವ ಈ ಸ್ಥಿತಿಯು ಎಷ್ಟು ವಿಚಿತ್ರವಾದ ಪ್ರಶ್ನೆಗಳನ್ನು ಹುಟ್ಟಿಸುತ್ತಿತ್ತೆಂಬುದಕ್ಕೆ ನೆರೆಯ ಹೈದರಾಬಾದಿನಲ್ಲಿ ನಿದರ್ಶನವುಂಟು: ಸಿಮ್ಲಾದ ಮ್ಯಾಜಿಸ್ಟ್ರೇಟನ ವಾರಂಟಿನ ಮೇಲೆ ನಿಜಾಮರ ನೆಲದ ರೈಲ್ವೆ ನಿಲ್ದಾಣದಲ್ಲಿ ಒಬ್ಬನನ್ನು ಹಿಡಿದಾಗ, ಆ ಅಪರಾಧಕ್ಕೂ ರೈಲ್ವೆಯ ಆಡಳಿತಕ್ಕೂ ಸಂಬಂಧವಿಲ್ಲವಾದುದರಿಂದ ಬಂಧನವು ಅಕ್ರಮವೆಂದು 1897ರಲ್ಲಿ ಪ್ರಿವಿ ಕೌನ್ಸಿಲೇ ತೀರ್ಮಾನಿಸಿತು. ಕಂಬಿಯ ಈಚೆ ನಿಂತಿದ್ದನೋ ಆಚೆ ನಿಂತಿದ್ದನೋ ಎಂಬುದು ಹೀಗೆ ಲಂಡನ್ನಿನವರೆಗೆ ವಾದಿಸಬೇಕಾದ ವಿಷಯವಾಗಿದ್ದಿತು.

ಇನ್ನು ವಿಚಾರಣೆಯ ಒಳಗನ್ನು ನೋಡಿದರೆ, ನೂರು ವರ್ಷಗಳ ಹಿಂದಿನ ಸೆಷನ್ಸ್ ಮೊಕದ್ದಮೆಗೂ ಇಂದಿನದಕ್ಕೂ ಎರಡು ಮುಖ್ಯ ವ್ಯತ್ಯಾಸಗಳು ಗೋಚರವಾಗುತ್ತವೆ. ಆಗ ಮ್ಯಾಜಿಸ್ಟ್ರೇಟನು ಸಾಕ್ಷಿಗಳನ್ನೆಲ್ಲ ಒಮ್ಮೆ ತಾನೇ ವಿಚಾರಿಸಿ, ಮೇಲ್ನೋಟಕ್ಕೆ ಪ್ರಮಾಣವುಂಟೆಂದು ಮನಗಂಡರೆ ಮಾತ್ರ ಆರೋಪಿಯನ್ನು ಸೆಷನ್ಸಿಗೆ ಒಪ್ಪಿಸುತ್ತಿದ್ದನು. ಸಾಕ್ಷಿಯು ಎರಡು ಸಲ ಪ್ರಮಾಣ ಮಾಡಿ ಹೇಳಬೇಕಾಗುತ್ತಿತ್ತು, ಎರಡು ಹೇಳಿಕೆಗಳ ನಡುವಿನ ಬಿರುಕಿನಲ್ಲಿ ಚತುರನಾದ ವಕೀಲನು ಬೆರಳು ತೂರಿಸುತ್ತಿದ್ದನು. 1973ರ ಸಂಹಿತೆಯು ಜಾರಿಗೆ ಬಂದ 1974ರ ಏಪ್ರಿಲ್ 1ರಿಂದ ಈ ಮೊದಲ ವಿಚಾರಣೆ ಹೋಗಿ, ಒಪ್ಪಿಸುವಿಕೆಯು ಬರಿಯ ಕಾಗದದ ಕಾರ್ಯವಾಗಿ ಉಳಿಯಿತು. ಎರಡನೆಯದು ಅಸೆಸರುಗಳ ವಿಚಾರ. ಊರಿನ ಪ್ರತಿಷ್ಠಿತರಲ್ಲಿ ಕೆಲವರು, ವರ್ತಕರೋ ಜಮೀನುದಾರರೋ, ನ್ಯಾಯಾಧೀಶನ ಬಳಿ ಕುಳಿತು ಸಾಕ್ಷ್ಯವನ್ನು ಕೇಳಿ ತಮ್ಮ ಅಭಿಪ್ರಾಯವನ್ನು ಹೇಳುತ್ತಿದ್ದರು. ಆ ಅಭಿಪ್ರಾಯಕ್ಕೆ ನ್ಯಾಯಾಧೀಶನು ಕಟ್ಟುಬೀಳಬೇಕಾಗಿರಲಿಲ್ಲ. 1955ರ ತಿದ್ದುಪಡಿಯು ಅವರನ್ನು ಬೀಳ್ಕೊಟ್ಟಿತು. ಕೇಳಿಯೂ ಕೇಳದಂತೆ ಬಿಡಬಹುದಾದ ಅಭಿಪ್ರಾಯವನ್ನು ಹೇಳುವುದಕ್ಕಾಗಿ ಅಂಗಡಿ ಮುಚ್ಚಿ ಬರುತ್ತಿದ್ದವರು ಈ ಬಿಡುಗಡೆಗೆ ದುಃಖಿಸಿದ್ದರೆ ಆಶ್ಚರ್ಯ. ಆದರೂ ಊರಿನ ಮಾತನ್ನು ಬಲ್ಲವರೊಬ್ಬರು ನ್ಯಾಯಾಧೀಶನ ಪಕ್ಕದಲ್ಲಿ ಇರುತ್ತಿದ್ದ ಕಾಲವದು ಎಂಬುದನ್ನು ಮರೆಯಲಾಗದು.

ಖುಲಾಸೆಯ ಮೇಲಿನ ಮೇಲ್ಮನವಿಯ ಕಥೆಯೂ ಸ್ವಾರಸ್ಯಕರವಾದುದು. 1861ರ ಸಂಹಿತೆಯು ಬಿಡುಗಡೆಯಾದವನ ಮೇಲೆ ಅಪೀಲನ್ನು ನಿಷೇಧಿಸಿತ್ತು. 1872ರ ಸಂಹಿತೆ ಸರ್ಕಾರಕ್ಕೆ ಆ ಅಧಿಕಾರವನ್ನು ಕೊಟ್ಟಿತು. 1934ರ ಶಿವಸ್ವರೂಪ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲು, ಅಂತಹ ಅಪೀಲಿನಲ್ಲಿ ಹೈಕೋರ್ಟು ಸಾಕ್ಷ್ಯವನ್ನೆಲ್ಲ ಪುನಃ ತೂಗಿನೋಡಬಹುದು, ಆದರೆ ಸಾಕ್ಷಿಗಳನ್ನು ಕಣ್ಣಾರೆ ಕಂಡ ಕೆಳಗಿನ ನ್ಯಾಯಾಧೀಶನ ಅಭಿಪ್ರಾಯಕ್ಕೂ, ಬಿಡುಗಡೆಯಿಂದ ಇನ್ನಷ್ಟು ಬಲಗೊಂಡ ನಿರಪರಾಧಿತ್ವದ ಊಹೆಗೂ ತಕ್ಕ ಬೆಲೆಯನ್ನು ಕೊಡಬೇಕು ಎಂದಿತು. ಹತನಾದವನ ಮನೆಯವರಿಗೆ ಮಾತ್ರ ಪೋಲೀಸರ ಮೊಕದ್ದಮೆಯಲ್ಲಿ 2009ರ ಡಿಸೆಂಬರ್ 31ರವರೆಗೆ ಅಪೀಲಿನ ಸ್ವಂತ ಹಕ್ಕು ಇರಲಿಲ್ಲ. ಆ ಹಕ್ಕು ಬಂದ ಮೇಲೆಯೂ ಅವರು ಮೊದಲು ಹೈಕೋರ್ಟಿನ ಅನುಮತಿಯನ್ನು ಬೇಡಬೇಕೆ ಎಂಬ ಸಂಶಯ ಉಳಿದಿತ್ತು. ಬೇಕಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಹೇಳಿದುದು ನಮ್ಮ ಕರ್ನಾಟಕದಿಂದಲೇ ಹೋದ ಒಂದು ಪ್ರಕರಣದಲ್ಲಿ.

1950ರಲ್ಲಿ ಸರ್ವೋಚ್ಚ ನ್ಯಾಯಾಲಯ ಬಂದುದರಿಂದ ಎರಡು ದಡಗಳಿಗೂ ಮೇಲಿನ ಮೆಟ್ಟಿಲು ಒಂದೇ ಆಯಿತು. ಮರುವರ್ಷದ ಏಪ್ರಿಲ್ 1ರಿಂದ ದಂಡಪ್ರಕ್ರಿಯಾ ಸಂಹಿತೆಯೂ ಒಂದೇ ಆಯಿತು. 1956ರಲ್ಲಿ ರಾಣೆಬೆನ್ನೂರು ಧಾರವಾಡ ಜಿಲ್ಲೆಯೊಡನೆ ವಿಶಾಲ ಮೈಸೂರನ್ನು ಸೇರಲು ಮಧ್ಯದ ಮೆಟ್ಟಿಲೂ ಒಂದಾಯಿತು. 1997ರ ಆಗಸ್ಟ್ 15ರಂದು ದಾವಣಗೆರೆಯು ಚಿತ್ರದುರ್ಗದಿಂದ ಬೇರೆಯಾಗಿ ಜಿಲ್ಲೆಯಾದ ಮೇಲೆ, ಚಿತ್ರದುರ್ಗದ ದಾರಿ ಹಿಡಿಯಬೇಕಾಗಿದ್ದ ಜನರಿಗೆ ಪ್ರಧಾನ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯವು ತಮ್ಮ ನಗರದಲ್ಲಿಯೇ ಲಭಿಸಿತು.

ಇಂದು ಹರಿಹರದಲ್ಲಿ ಒಂದು ಕೊಲೆ ನಡೆದರೆ ಅದರ ಕಡತವು ಹೇಗೆ ಸಾಗುವುದೆಂಬುದನ್ನು ಹತ್ತಿರದಿಂದ ನೋಡಿದವರಿಗೆ ಮೊದಲು ಎದ್ದುಕಾಣುವುದು ಪ್ರತಿಯೊಂದು ಮಜಲಿನಲ್ಲಿಯೂ ಅದು ಹೊಸ ಸಂಖ್ಯೆಯನ್ನು ಧರಿಸುವುದು. ಠಾಣೆಯಲ್ಲಿ ಅದು ಅಪರಾಧ ಸಂಖ್ಯೆ. ದೋಷಾರೋಪಣ ಪಟ್ಟಿ ಬಂದು ಹರಿಹರದ ಮ್ಯಾಜಿಸ್ಟ್ರೇಟರ ಕಚೇರಿಯಲ್ಲಿ ದಾಖಲಾದಾಗ ಸಿ.ಸಿ. (ಕ್ರಿಮಿನಲ್ ಕೇಸ್) ಸಂಖ್ಯೆ, ಅಲ್ಲಿಂದ ದಾವಣಗೆರೆಗೆ ಒಪ್ಪಿತವಾದಾಗ ಎಸ್.ಸಿ. (ಸೆಷನ್ಸ್ ಕೇಸ್) ಸಂಖ್ಯೆ, ಹೈಕೋರ್ಟಿನಲ್ಲಿ ಮತ್ತೊಂದು. ಆರೋಪಿಯು ಸೆರೆಯಲ್ಲಿದ್ದು, ಇಂತಹ ಘೋರಾಪರಾಧದಲ್ಲಿ ಪೋಲೀಸರು 90 ದಿನಗಳೊಳಗೆ ಪಟ್ಟಿಯನ್ನು ಸಲ್ಲಿಸದೆ ಹೋದರೆ, ಕೃತ್ಯವು ಎಷ್ಟೇ ಭೀಕರವಾಗಿರಲಿ, ಜಾಮೀನು ಅವನ ಹಕ್ಕಾಗುತ್ತದೆ. ರಕ್ತದ ಕಲೆಯ ಬಟ್ಟೆ, ಕುಡುಗೋಲು, ಸ್ಥಳದ ಮಣ್ಣು ಇವುಗಳನ್ನು ಪಂಚರ ಮುಂದೆ ಬಿಳಿಯ ಬಟ್ಟೆಯಲ್ಲಿ ಹೊಲಿದು, ಅರಗು ಕಾಯಿಸಿ ಮೊಹರು ಒತ್ತಿ, ಪಂಚರ ಸಹಿಯ ಚೀಟಿ ಅಂಟಿಸಿ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಆ ಪ್ರಯೋಗಾಲಯ ಈಗ ದಾವಣಗೆರೆಯಲ್ಲಿಯೇ ಉಂಟು. ತಿಂಗಳುಗಳು ಕಳೆದು ಆ ಗಂಟು ನ್ಯಾಯಾಲಯದಲ್ಲಿ ಬಿಚ್ಚಲ್ಪಡುವಾಗ ಪ್ರತಿವಾದಿಯ ವಕೀಲರು ಮೊದಲು ಪರೀಕ್ಷಿಸುವುದು ಕುಡುಗೋಲನ್ನಲ್ಲ, ಮೊಹರನ್ನು.

ನ್ಯಾಯಾಲಯದ ದಲಾಯತನು ಹೆಸರು ಹಿಡಿದು ಕೂಗುತ್ತಾನೆ, ಸಾಕ್ಷಿಯು ಕಟಕಟೆ ಏರುತ್ತಾನೆ. ಚಾರ್ಜ್‌ಷೀಟಿನಲ್ಲಿ ಚಾ.ಸಾ. (ಚಾರ್ಜ್‌ಷೀಟ್ ಸಾಕ್ಷಿ) ಆಗಿದ್ದವನು ಕಟಕಟೆಯಲ್ಲಿ ಪ್ರಾ.ಸಾ. (ಪ್ರಾಸಿಕ್ಯೂಷನ್ ಸಾಕ್ಷಿ) ಆಗುತ್ತಾನೆ; ದೂರಿನ ಪತ್ರಕ್ಕೆ ನಿ.ಪಿ. (ನಿಶಾನೆ ಪಿ.) 1 ಎಂದು ಗುರುತು ಬೀಳುತ್ತದೆ. ಪಂಚರು ತಮಗೆ ಏನೂ ತಿಳಿಯದೆಂದೂ, ಪೋಲೀಸರು ಹೇಳಿದಲ್ಲಿ ಸಹಿ ಹಾಕಿದೆವೆಂದೂ ನುಡಿದು ಪ್ರತಿಕೂಲರಾಗುವುದು ನಮ್ಮ ನ್ಯಾಯಾಲಯಗಳಲ್ಲಿ ಅಪರೂಪದ ದೃಶ್ಯವಲ್ಲ. ಸಾಕ್ಷ್ಯವೆಲ್ಲ ಮುಗಿದ ಮೇಲೆ ಆರೋಪಿಗೆ ವಿರೋಧವಾಗಿ ಬಂದ ಒಂದೊಂದು ಸಂಗತಿಯನ್ನೂ ನ್ಯಾಯಾಧೀಶರು ಅವನಿಗೆ ಪ್ರಶ್ನೆಯ ರೂಪದಲ್ಲಿ ಓದಿ ಹೇಳಿ ಉತ್ತರ ಕೇಳುತ್ತಾರೆ. ಪ್ರಮಾಣವಚನವಿಲ್ಲದೆ, ತಪ್ಪು ಹೇಳಿದರೂ ಶಿಕ್ಷೆಯಿಲ್ಲದೆ ಅವನು ಮಾತಾಡಬಹುದಾದ ಗಳಿಗೆ ಅದೊಂದೇ. ಬಹುಮಂದಿ ‘ಸುಳ್ಳು’, ‘ಗೊತ್ತಿಲ್ಲ’ ಎಂಬೆರಡು ಪದಗಳಲ್ಲಿ ಅದನ್ನು ಕಳೆದುಕೊಳ್ಳುತ್ತಾರೆ. ದೋಷಿಯೆಂದು ನಿರ್ಣಯವಾದರೆ ಶಿಕ್ಷೆಯ ಪ್ರಮಾಣದ ಬಗೆಗೆ ಬೇರೆಯಾಗಿ ಕೇಳಬೇಕೆಂಬುದು 1973ರ ಸಂಹಿತೆಯ ದೊಡ್ಡ ಉಪಕಾರ. ಮರಣದಂಡನೆಗೆ ವಿಶೇಷ ಕಾರಣಗಳನ್ನು ಬರೆಯಬೇಕೆಂಬುದೂ ಅದೇ ಸಂಹಿತೆಯದು. 1955ಕ್ಕೆ ಮುನ್ನ ಕೊಲೆಗೆ ನೇಣೇ ಸಾಮಾನ್ಯ, ಜೀವಾವಧಿಗೆ ಕಾರಣ ಬರೆಯಬೇಕಾಗಿತ್ತೆಂಬುದನ್ನು ನೆನೆದರೆ ಇಪ್ಪತ್ತೇ ವರ್ಷಗಳಲ್ಲಿ ನಿಯಮವು ತಲೆಕೆಳಗಾದ ಬಗೆ ತಿಳಿಯುತ್ತದೆ. 1980ರಲ್ಲಿ ಬಚನ್ ಸಿಂಗ್ ಪ್ರಕರಣವು ಅತ್ಯಪರೂಪದಲ್ಲಿ ಅಪರೂಪವಾದ ಸಂದರ್ಭಕ್ಕೆ ಮಾತ್ರ ಆ ಶಿಕ್ಷೆಯನ್ನು ಸೀಮಿತಗೊಳಿಸಿತು. 2024ರ ಜುಲೈ 1ರಿಂದ ಭಾರತೀಯ ನ್ಯಾಯಸಂಹಿತೆಯೂ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಕಲಮುಗಳ ಅಂಕಿಗಳನ್ನೆಲ್ಲ ಬದಲಿಸಿವೆ: ಕೊಲೆಯ ಹಳೆಯ 302 ಈಗ ನ್ಯಾಯಸಂಹಿತೆಯ 103, ದೃಢೀಕರಣದ 366 ಈಗ ಸುರಕ್ಷಾ ಸಂಹಿತೆಯ 407. ಮಾರ್ಗ ಮಾತ್ರ ಅದೇ.

ಈ ಮಾರ್ಗದ ಪೂರ್ಣ ಉದ್ದವನ್ನು ಕಾಣಬೇಕಾದರೆ ದಾವಣಗೆರೆಯ ಮೂಲಜಿಲ್ಲೆಯಾದ ಚಿತ್ರದುರ್ಗದವನೇ ಆದ ಉಮೇಶ್ ರೆಡ್ಡಿಯ ಪ್ರಕರಣವನ್ನು ನೋಡಬೇಕು. 1998ರ ಫೆಬ್ರವರಿಯಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಒಬ್ಬ ಮಹಿಳೆಯ ಮೇಲೆ ನಡೆದ ಅತ್ಯಾಚಾರ ಮತ್ತು ಕೊಲೆಗಾಗಿ ಸೆಷನ್ಸ್ ನ್ಯಾಯಾಲಯವು 2006ರಲ್ಲಿ ಅವನಿಗೆ ಮರಣದಂಡನೆ ವಿಧಿಸಿತು. ದೃಢೀಕರಣಕ್ಕೆ ಬಂದಾಗ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ದೋಷದ ವಿಷಯದಲ್ಲಿ ಒಂದಾದರೂ ಶಿಕ್ಷೆಯ ವಿಷಯದಲ್ಲಿ ಬೇರೆಯಾದರು: ಒಬ್ಬರದು ನೇಣು, ಇನ್ನೊಬ್ಬರದು ಜೀವಾವಧಿ. ಇಂತಹ ಭೇದ ಒದಗಿದರೆ ಮೂರನೆಯವರ ಅಭಿಪ್ರಾಯವೇ ತೀರ್ಪಾಗುವುದು. ಆ ಮೂರನೆಯವರು 2009ರ ಫೆಬ್ರವರಿಯಲ್ಲಿ ನೇಣನ್ನು ಎತ್ತಿಹಿಡಿದರು. ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಅದನ್ನು ಸ್ಥಿರಪಡಿಸಿತು. 2013ರಲ್ಲಿ ರಾಷ್ಟ್ರಪತಿಗಳು ದಯಾಭಿಕ್ಷೆಯ ಅರ್ಜಿಯನ್ನು ತಿರಸ್ಕರಿಸಿದರು. ಮರಣದಂಡನೆಯ ಪುನರ್ವಿಮರ್ಶೆಯನ್ನು ತೆರೆದ ನ್ಯಾಯಾಲಯದಲ್ಲಿಯೇ ಕೇಳಬೇಕೆಂಬ 2014ರ ನಿಯಮದಂತೆ ಮತ್ತೊಮ್ಮೆ ವಾದ ನಡೆದು 2016ರಲ್ಲಿ ಅದೂ ಬಿದ್ದಿತು. 2021ರಲ್ಲಿ ಹೈಕೋರ್ಟು ಅವನ ಇನ್ನೊಂದು ಅರ್ಜಿಯನ್ನೂ ತಳ್ಳಿತು. ಕಡೆಗೆ 2022ರ ನವೆಂಬರ್ 4ರಂದು ಸರ್ವೋಚ್ಚ ನ್ಯಾಯಾಲಯವು, ಬೆಳಗಾವಿಯ ಸೆರೆಮನೆಯಲ್ಲಿ ಸುಮಾರು ಹತ್ತು ವರ್ಷಗಳ ಕಾಲ ಅವನನ್ನು ಏಕಾಂತವಾಸದಲ್ಲಿ ಇರಿಸಿದುದು ಕಾನೂನಿಗೆ ವಿರುದ್ಧವೆಂದು ಕಂಡು, ನೇಣನ್ನು ಕನಿಷ್ಠ 30 ವರ್ಷಗಳ ಸೆರೆವಾಸವನ್ನಾಗಿ ಮಾರ್ಪಡಿಸಿತು. ಅವನ ಕೃತ್ಯಗಳನ್ನು ಬಲ್ಲ ಯಾರಿಗೂ ಅವನಲ್ಲಿ ಕರುಣೆ ಹುಟ್ಟಲಾರದು, ನನಗೂ ಹುಟ್ಟುವುದಿಲ್ಲ. ಆದರೆ ನ್ಯಾಯಾಲಯಗಳೆಲ್ಲ ಒಂದಾಗಿ ದೋಷಿಯೆಂದವನ ವಿಷಯದಲ್ಲಿಯೂ ಸೆರೆಮನೆಯ ಅಕ್ರಮವನ್ನು ಸಹಿಸಲಾಗದೆಂದು ಹೇಳುವ ಧೈರ್ಯವು ಈ ಮೆಟ್ಟಿಲುಗಳ ಉದ್ದಕ್ಕೆ ಒಂದು ಸಮರ್ಥನೆಯಾಗಬಲ್ಲುದು. ಶಿಕ್ಷೆಯಾದ ಮೇಲೆಯೂ ಹದಿನಾರು ವರ್ಷಗಳ ಕಾಲ ಬಾಗಿಲಿಂದ ಬಾಗಿಲಿಗೆ ನಡೆದ ಮೊಕದ್ದಮೆಯನ್ನು ಹತಳಾದವಳ ಮನೆಯವರು ಹೇಗೆ ಸಹಿಸಿದರೆಂಬುದಕ್ಕೆ ಯಾವ ತೀರ್ಪಿನಲ್ಲಿಯೂ ಉತ್ತರವಿಲ್ಲ.

ಈಗ ಮತ್ತೆ ನದಿಯ ವಿಷಯ. 1956ರಿಂದ ಅರ್ಧ ಶತಮಾನ ಕಾಲ ಎರಡು ದಡಗಳ ಅಪೀಲುಗಳೂ ಬೆಂಗಳೂರಿಗೇ ಹೋಗುತ್ತಿದ್ದವು. ಉತ್ತರ ಕರ್ನಾಟಕದ ವಕೀಲರ ದೀರ್ಘಕಾಲದ ಹೋರಾಟದ ಫಲವಾಗಿ 2008ರ ಜುಲೈಯಲ್ಲಿ ಧಾರವಾಡ ಮತ್ತು ಕಲಬುರಗಿಗಳಲ್ಲಿ ಹೈಕೋರ್ಟಿನ ಸಂಚಾರಿ ಪೀಠಗಳು ಆರಂಭವಾಗಿ, 2013ರಲ್ಲಿ ಅವು ಕಾಯಂ ಆದುವು. ಹಾವೇರಿ ಜಿಲ್ಲೆಯು ಧಾರವಾಡ ಪೀಠಕ್ಕೆ ಸೇರಿತು. ದಾವಣಗೆರೆಯು ಬೆಂಗಳೂರಿನಲ್ಲಿಯೇ ಉಳಿಯಿತು. ಹರಿಹರದ ಎದುರಿಗೇ, ಉತ್ತರದ ದಡದಲ್ಲಿ, ಕುಮಾರಪಟ್ಟಣವುಂಟು. ಅಲ್ಲಿಯ ಕಾರ್ಖಾನೆಯ ಹೆಸರಿನಲ್ಲಿಯೇ ಹರಿಹರವಿದೆ, ಅಲ್ಲಿ ದುಡಿಯುವವರಲ್ಲಿ ಅನೇಕರ ಮನೆಗಳೂ ಹರಿಹರದಲ್ಲಿವೆ. ಅಲ್ಲಿ ನಡೆದ ಕೊಲೆಯ ಅಪೀಲು ಧಾರವಾಡದಲ್ಲಿ, ಹರಿಹರದಲ್ಲಿ ನಡೆದುದರ ಅಪೀಲು ಬೆಂಗಳೂರಿನಲ್ಲಿ. ಮಹಾರಾಜರೂ ಹೋದರು, ಪ್ರಾಂತಗಳೂ ಹೋದುವು, ನದಿಯ ಮೇಲೆ ಹೊಸ ಸೇತುವೆಗಳೂ ಬಂದುವು. ಅಪೀಲಿನ ಎಲ್ಲೆ ಮಾತ್ರ 1818ರಲ್ಲಿ ಬಿದ್ದ ಗೆರೆಯ ಮೇಲೆಯೇ ಪುನಃ ಬಂದು ನಿಂತಿದೆ. ಬೆಂಗಳೂರಿಗೆ ದಾವಣಗೆರೆಯಿಂದ ಸುಮಾರು 260 ಕಿಲೋಮೀಟರು. ಧಾರವಾಡ ಅದರ ಮುಕ್ಕಾಲಿನಷ್ಟೂ ದೂರವಿಲ್ಲ. ದಾವಣಗೆರೆಯವರು ಇದನ್ನು ಬದಲಾಯಿಸಬೇಕೆಂದು ಗಟ್ಟಿಯಾಗಿ ಕೇಳಿದ್ದು ಕಡಮೆ, ಏಕೆಂದರೆ ಬೆಂಗಳೂರಿಗೆ ಹೋಗುವ ರೈಲು ಬಸ್ಸುಗಳು ಅನುಕೂಲ, ಹಿರಿಯ ವಕೀಲರೂ ಅಲ್ಲಿಯೇ ಹೆಚ್ಚು. ಅನುಕೂಲವಿದ್ದವರ ಅನುಕೂಲವನ್ನು ಅಲ್ಲಗಳೆಯಲಾರೆ. ಸೆರೆಮನೆಯಲ್ಲಿರುವ ಮಗನ ಅಪೀಲಿಗಾಗಿ ಹರಿಹರದ ಹಳ್ಳಿಯಿಂದ ಒಂದು ದಿನದ ಕೂಲಿ ಬಿಟ್ಟು ಹೊರಡುವ ತಾಯಿಯನ್ನು ಕೇಳಿದರೆ ಉತ್ತರವು ಬೇರೆಯಾದೀತೆಂದೇ ನನ್ನ ಎಣಿಕೆ.

ಅಂತಹವರಿಗೆ ಉಪಯುಕ್ತವಾದ ನಾಲ್ಕು ಮಾತುಗಳನ್ನು ಇಲ್ಲಿ ಸೇರಿಸುವುದು ಅಪ್ರಸ್ತುತವಾಗದು. ಸೆರೆವಾಸದ ಶಿಕ್ಷೆಯಾದವನಿಗೆ ತೀರ್ಪಿನ ಪ್ರತಿಯನ್ನು ನ್ಯಾಯಾಲಯವು ಬೆಲೆ ತೆಗೆದುಕೊಳ್ಳದೆ ಕೊಡಬೇಕು. ಸೆಷನ್ಸ್ ತೀರ್ಪಿನ ಮೇಲೆ ಹೈಕೋರ್ಟಿಗೆ ಹೋಗಲು 60 ದಿನಗಳ ಅವಧಿಯುಂಟು. ಮರಣದಂಡನೆಯಾಗಿದ್ದರೆ 30 ದಿನಗಳು ಮಾತ್ರ, ಆದರೆ ಆ ಶಿಕ್ಷೆಯು ಅಪೀಲಿಲ್ಲದೆಯೂ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಮುಂದೆ ತಾನಾಗಿಯೇ ಹೋಗುತ್ತದೆ. ಸೆರೆಯಲ್ಲಿರುವವನು ಅಪೀಲಿನ ಅರ್ಜಿಯನ್ನು ಸೆರೆಮನೆಯ ಅಧಿಕಾರಿಯ ಕೈಗೆ ಕೊಟ್ಟರೆ ಸಾಕು, ಅದನ್ನು ಮುಟ್ಟಿಸುವ ಹೊಣೆ ಆ ಅಧಿಕಾರಿಯದು. ವಕೀಲನನ್ನಿಡಲು ಶಕ್ತಿಯಿಲ್ಲದವನು ದಾವಣಗೆರೆಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಕೊಡಬಹುದು; ಸೆರೆಯಲ್ಲಿರುವವನಿಗೆ ಆದಾಯದ ಪ್ರಮಾಣಪತ್ರವನ್ನೂ ತೋರಿಸಬೇಕಾದ ಅಗತ್ಯವಿಲ್ಲ, 1987ರ ಕಾನೂನಿನಂತೆ ಸೆರೆಯಲ್ಲಿರುವುದೇ ಸಾಕಾದ ಅರ್ಹತೆ.